ಎರೆನೆಲದ ಹಳೆಮನೆಗೆ ಹೊಸ ಅಂಕಣ

ಕಲಬುರಗಿ ಜಿಲ್ಲೆಯ ಜೇವರ್ಗಿ ತಾಲೂಕಿನ ಅಂದೋಲಾ ಮತ್ತು ಅದರ ನೆರೆಹಳ್ಳಿಗಳು, ಹಾಗೆಯೇ ಭೀಮಾ ನದಿಯ ಆಚೆಗೆ ಅಫಜಲಪುರ, ಆಳಂದ ತಾಲೂಕುಗಳ ಬಹುಪಾಲು ಊರುಗಳು ಎರೆನೆಲದ ಮೇಲೆ ನಿಂತಿವೆ. ತೊಗರಿ, ಜೋಳ, ಹತ್ತಿಗಳಿಗೆ ಹೆಸರಾದ ಈ ಕಪ್ಪು ಮಣ್ಣಿನಲ್ಲಿ ಮಾಂಟ್‌ಮೊರಿಲೊನೈಟ್ ಎಂಬ ಜೇಡಿ ಖನಿಜ ಹೆಚ್ಚಾಗಿರುವುದರಿಂದ, ಮಳೆಗಾಲದಲ್ಲಿ ನೀರು ಹೀರಿದಾಗ ಅದು ಉಬ್ಬುತ್ತದೆ, ಬೇಸಿಗೆಯಲ್ಲಿ ಒಣಗಿದಾಗ ಕುಗ್ಗಿ ಕೈ ಇಳಿಸುವಷ್ಟು ಅಗಲಕ್ಕೆ ಬಿರುಕು ಬಿಡುತ್ತದೆ. ಇಂಥ ನೆಲದ ಮೇಲೆ ಎರಡು ಮೂರು ತಲೆಮಾರು ಬಾಳಿದ ಮನೆಗೆ, ಮಕ್ಕಳ ಮದುವೆಯಾಗಿ ಸಂಸಾರ ಬೆಳೆದಾಗ, ಒಂದು ಕೋಣೆಯನ್ನೋ ಅಡುಗೆಮನೆಯನ್ನೋ ಬಚ್ಚಲನ್ನೋ ಸೇರಿಸುವ ಕೆಲಸ ಈ ಭಾಗದ ಹೆಚ್ಚುಕಡಿಮೆ ಪ್ರತಿಯೊಂದು ಕುಟುಂಬಕ್ಕೂ ಒಮ್ಮೆ ಎದುರಾಗುತ್ತದೆ. ಆ ಕುಟುಂಬಗಳ ಅನುಭವವನ್ನು ಒಟ್ಟಿಗೆ ನೋಡಿದರೆ ಸಿಗುವ ತಿಳಿವಳಿಕೆಯೆಂದರೆ, ಹಳೆಯ ಮನೆ ಮತ್ತು ಹೊಸ ಕೋಣೆ ವಾಸಕ್ಕೆ ಒಂದೇ ಆದರೂ ಕಟ್ಟುವಿಕೆಯಲ್ಲಿ ಎರಡು ಬೇರೆ ಕಟ್ಟಡಗಳಾಗಿಯೇ ಉಳಿಯಬೇಕು ಎಂಬುದು.

ಇದಕ್ಕೆ ಕಾರಣ ಹಳೆಯ ಮನೆಯ ರಚನೆಯಲ್ಲಿದೆ. ಈ ಭಾಗದ ಸಾಂಪ್ರದಾಯಿಕ ಮನೆಯನ್ನು ಅಂಕಣಗಳ ಲೆಕ್ಕದಲ್ಲಿ ಹೇಳುತ್ತಾರೆ. ಅಂಕಣವೆಂದರೆ ಎರಡು ಕಂಬಸಾಲುಗಳ ನಡುವಿನ ಜಾಗ. ಕಟ್ಟಿಗೆಯ ಕಂಬ, ಅದರ ಮೇಲೆ ತೊಲೆ, ತೊಲೆಯ ಮೇಲೆ ಅಡ್ಡಲಾಗಿ ಜಂತಿ, ಜಂತಿಯ ಮೇಲೆ ಹಲಗೆ ಅಥವಾ ತೆಳ್ಳನೆಯ ಕಟ್ಟಿಗೆ, ಎಲ್ಲಕ್ಕೂ ಮೇಲೆ ತುಳಿದು ಬಡಿದ ಸವಳು ಮಣ್ಣು: ಇದು ಮಾಳಿಗೆ. ಎರಡು ಅಡಿ, ಕೆಲವೆಡೆ ಮೂರು ಅಡಿ ದಪ್ಪದ ಗೋಡೆಯನ್ನು ಹೊರಮೈಗೊಂದು, ಒಳಮೈಗೊಂದು ಕಲ್ಲಿನ ವರಸೆ ಇಟ್ಟು, ನಡುವೆ ಚಿಪ್ಪುಗಲ್ಲು ಮತ್ತು ಮಣ್ಣು ತುಂಬಿ ಕಟ್ಟಲಾಗುತ್ತಿತ್ತು. ಕಂಬಗಳಿರುವ ಮನೆಗಳಲ್ಲಿ ಮಾಳಿಗೆಯ ಭಾರ ಹೆಚ್ಚಾಗಿ ಕಂಬಗಳ ಮೇಲೆ ಇಳಿಯುತ್ತದೆಯೇ ಹೊರತು ಗೋಡೆಯ ಮೇಲಲ್ಲ. ಈ ಒಂದು ಸಂಗತಿಯನ್ನು ಗಮನಿಸದೆ ನಡೆದ ವಿಸ್ತರಣೆಗಳಲ್ಲೇ ಹೆಚ್ಚಿನ ಕೇಡು ಕಾಣುತ್ತದೆ.

ಮಳೆಗಾಲದ ಮುಂಚೆ ಹೊಸ ಮಣ್ಣು ಹಾಕುತ್ತ ಬಂದ ಮಾಳಿಗೆ ವರ್ಷಗಳು ಕಳೆದಂತೆ ಒಂದು ಅಡಿಗೂ ಮೀರಿ ದಪ್ಪವಾಗಿರುವುದುಂಟು. ಒಂದು ಅಡಿ ದಪ್ಪದ ಮಣ್ಣು ಒಂದು ಚದರ ಮೀಟರಿಗೆ ಸುಮಾರು 500 ಕಿಲೋ ತೂಗಿದರೆ, ಐದು ಇಂಚಿನ ಕಾಂಕ್ರೀಟ್ ಸ್ಲ್ಯಾಬು ಸುಮಾರು 300 ಕಿಲೋ ತೂಗುತ್ತದೆ. ಈ ಲೆಕ್ಕ ನೋಡಿ, ಮಾಳಿಗೆ ತೆಗೆದು ಹಳೆಯ ಗೋಡೆಯ ಮೇಲೆಯೇ ಸ್ಲ್ಯಾಬು ಹಾಕಿಸಿದರೆ ಮನೆ ಹಗುರಾಗುತ್ತದೆಂದು ಹಲವರು ನಂಬುತ್ತಾರೆ. ಆದರೆ ಭಾರ ಎಷ್ಟು ಎನ್ನುವುದಕ್ಕಿಂತ ಅದು ಎಲ್ಲಿ ಇಳಿಯುತ್ತದೆ ಎನ್ನುವುದು ಇಲ್ಲಿ ಮುಖ್ಯ. ಕಂಬಗಳನ್ನು ಕಿತ್ತು ಸ್ಲ್ಯಾಬನ್ನು ಗೋಡೆಗೆ ಕೂರಿಸಿದಾಗ, ಮಣ್ಣಿನಿಂದ ಮಾತ್ರ ಬೆಸೆದ ಎರಡು ಮೈಗಳು ಅದುವರೆಗೆ ಹೊರದ ಭಾರವನ್ನು ಹೊರಬೇಕಾಗುತ್ತದೆ. ಬಿಸಿಲಿಗೆ ಹಿಗ್ಗಿ ಇರುಳಿಗೆ ಕುಗ್ಗುವ ಸ್ಲ್ಯಾಬು ಗೋಡೆಯ ತಲೆಯನ್ನು ದಿನವೂ ಅತ್ತಿತ್ತ ಎಳೆಯುತ್ತದೆ. ಕೆಲವು ವರ್ಷಗಳಲ್ಲಿ ಹೊರಮೈ ಹೊಟ್ಟೆ ಬಿಡತೊಡಗುತ್ತದೆ.

ಇದು ಎಷ್ಟು ದೊಡ್ಡ ಅಪಾಯ ಎಂಬುದನ್ನು ಆಳಂದ ಗಡಿಯಾಚೆಯ ನೆಲ ತೋರಿಸಿಕೊಟ್ಟಿದೆ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಮಹಾರಾಷ್ಟ್ರದ ಲಾತೂರು ಜಿಲ್ಲೆಯ ಕಿಲ್ಲಾರಿ ಸುತ್ತ ನಡೆದ ಭೂಕಂಪದಲ್ಲಿ ಸುಮಾರು 10,000 ಜನ ಸತ್ತರು. ಅವರಲ್ಲಿ ಹೆಚ್ಚಿನವರನ್ನು ಕೊಂದದ್ದು ಇದೇ ಬಗೆಯ, ಎರಡು ಮೈ ಬಿಚ್ಚಿಕೊಂಡು ಕುಸಿದ ಕಲ್ಲು ಮಣ್ಣಿನ ಗೋಡೆ ಮತ್ತು ಅದರ ಹಿಂದೆಯೇ ಬಿದ್ದ ಮಾಳಿಗೆಯ ಮಣ್ಣು. ಗೋಡೆ ಬಿದ್ದರೂ ಕಟ್ಟಿಗೆಯ ಚೌಕಟ್ಟು ನಿಂತೇ ಉಳಿದ ಮನೆಗಳೂ ಅಲ್ಲಿ ಕಂಡವು. 2021ರ ಅಕ್ಟೋಬರಿನಲ್ಲಿ ಇದೇ ಕಲಬುರಗಿ ಜಿಲ್ಲೆಯ ಚಿಂಚೋಳಿ ತಾಲೂಕಿನ ಗಡಿಕೇಶ್ವಾರ ಸುತ್ತ ನೆಲ ಕಂಪಿಸಿದಾಗ ಜನ ಮನೆಯೊಳಗೆ ಮಲಗಲು ಹೆದರಿದ್ದರು. ಆದ್ದರಿಂದ ಹೊಸ ಕೋಣೆಗೆ ಖರ್ಚು ಮಾಡುವ ಮೊದಲು ಹಳೆಯ ಗೋಡೆಯ ಎರಡು ಮೈಗಳನ್ನು ಬೆಸೆಯುವ ಕೆಲಸಕ್ಕೆ ಹಣ ತೆಗೆದಿಡುವುದು ನ್ಯಾಯ. ಗೋಡೆಯಲ್ಲಿ ಸುಮಾರು ಮೀಟರಿಗೊಂದರಂತೆ ಜಾಗ ಗುರುತಿಸಿ, ಒಂದು ಕಲ್ಲನ್ನು ಸುತ್ತಿಗೆಯ ಪೆಟ್ಟಿಲ್ಲದೆ, ಕಬ್ಬಿಣದ ಸಲಾಕೆಯಿಂದ ಮೆಲ್ಲಗೆ ಅಲುಗಿಸಿ ಬಿಡಿಸಬೇಕು. ನಡುವಿನ ಮಣ್ಣನ್ನು ಕೈಯಿಂದಲೇ ತೆಗೆಯುತ್ತ ಹೋಗಿ ಆಚೆ ಮೈಯ ಕಲ್ಲನ್ನೂ ಬಿಡಿಸಬೇಕು. ಆರಪಾರವಾದ ಆ ಕಿಂಡಿಯಲ್ಲಿ ಎರಡೂ ತುದಿ ಕೊಕ್ಕೆಯಾಗಿ ಬಾಗಿಸಿದ ಒಂದು ಸರಳನ್ನಿಟ್ಟು ಕಾಂಕ್ರೀಟ್ ತುಂಬಿ, ಹತ್ತು ದಿನ ನೀರುಣಿಸಬೇಕು. ಕಿಲ್ಲಾರಿಯ ನಂತರ ಹಳೆಯ ಮನೆಗಳನ್ನು ಬಲಪಡಿಸಲು ಬಳಕೆಗೆ ಬಂದ ಈ ವಿಧಾನಕ್ಕೆ ದೊಡ್ಡ ಯಂತ್ರ ಬೇಡ, ಆದರೆ ತಾಳ್ಮೆಯುಳ್ಳ ಗೌಂಡಿ ಬೇಕೇ ಬೇಕು.

ಹೊಸ ಕೋಣೆಯ ಪಾಯದ ವಿಷಯಕ್ಕೆ ಬಂದರೆ, ಹಲವರಿಗೆ ಅಚ್ಚರಿಯೆನಿಸುವ ಒಂದು ಸತ್ಯವಿದೆ: ಎರೆನೆಲದಲ್ಲಿ ಭಾರದ ಕಟ್ಟಡಕ್ಕಿಂತ ಹಗುರವಾದ ಕಟ್ಟಡವೇ ಹೆಚ್ಚು ಅಲುಗುತ್ತದೆ. ಉಬ್ಬುವ ಮಣ್ಣು ಮೇಲಕ್ಕೆ ಒತ್ತುವ ಬಲವನ್ನು ದಪ್ಪ ಗೋಡೆಯ ಹಳೆಯ ಮನೆ ತನ್ನ ತೂಕದಿಂದ ತಕ್ಕಮಟ್ಟಿಗೆ ತಡೆಯುತ್ತದೆ. ಅದೂ ಅಲ್ಲದೆ ಹಲವು ದಶಕ ಮುಚ್ಚಿಕೊಂಡಿರುವ ಅದರ ಕೆಳಗಿನ ಮಣ್ಣಿನ ತೇವ ಒಂದು ಹದಕ್ಕೆ ಬಂದು ನಿಂತಿರುತ್ತದೆ. ಪಕ್ಕದ ಹಿತ್ತಲ ಮಣ್ಣು ಹಾಗಲ್ಲ, ಅದು ಪ್ರತಿ ವರ್ಷ ಉಬ್ಬಿ ಕುಗ್ಗುತ್ತಲೇ ಇರುತ್ತದೆ. ಹೀಗೆ ಕದಲದ ಮನೆಗೆ ಕದಲುವ ಕೋಣೆಯನ್ನು ಕಲ್ಲು ಕಚ್ಚಿಸಿ ಜೋಡಿಸಿದರೆ, ಎರಡರ ಕೂಡುವ ಜಾಗದಲ್ಲಿ ಬಿರುಕು ಬಿಡುವುದನ್ನು ಯಾವ ಸಿಮೆಂಟಿನಿಂದಲೂ ನಿಲ್ಲಿಸಲಾಗದು.

ಋತುವಿಗೆ ತಕ್ಕಂತೆ ತೇವ ಬದಲಾಗುವ ಆಳ ಭಾರತದ ಎರೆನೆಲಗಳಲ್ಲಿ ಸುಮಾರು ಮೂರೂವರೆ ಮೀಟರಿನವರೆಗೆ ಇರುತ್ತದೆ. ಈ ಕಾರಣಕ್ಕೆ ರೂರ್ಕಿಯ ಕೇಂದ್ರ ಕಟ್ಟಡ ಸಂಶೋಧನಾ ಸಂಸ್ಥೆ ಅಂಡರ್‌ರೀಮ್ಡ್ ಪೈಲ್ ಎಂಬ ವಿಧಾನವನ್ನು ಬೆಳೆಸಿತು. ಕೊರೆದ ಕುಣಿಯ ತಳದಲ್ಲಿ ಅದರ ಅಗಲದ ಎರಡೂವರೆ ಪಟ್ಟು ಗಡ್ಡೆಯಂತೆ ಉಬ್ಬಿದ ಆಕಾರ ಮಾಡಿ ಕಾಂಕ್ರೀಟ್ ತುಂಬಿದ ಕಂಬ ಅದು. ಮಣ್ಣು ಉಬ್ಬಿದರೂ ತಳದ ಗಡ್ಡೆ ಕಂಬವನ್ನು ಮೇಲೇಳಲು ಬಿಡದು. ಕಂಬಗಳ ತಲೆಯನ್ನು ಕೂಡಿಸುವ ಬೀಮಿನ ಕೆಳಗೆ ಮೂರು ಇಂಚಿನಷ್ಟು ಖಾಲಿ ಜಾಗ ಬಿಡುವುದನ್ನು ಮರೆಯಬಾರದು, ಏಕೆಂದರೆ ಮಣ್ಣು ಉಬ್ಬಲು ಅಷ್ಟು ಜಾಗ ಬೇಕು. ಅಷ್ಟು ಅನುಕೂಲವಿಲ್ಲದವರಿಗೆ ಇನ್ನೊಂದು ದಾರಿ ಎರೆಮಣ್ಣನ್ನು ತೆಗೆದು, ಉಬ್ಬದ ಮುರುಮನ್ನು ಪದರಪದರವಾಗಿ ನೀರು ಚಿಮುಕಿಸಿ ಧಮ್ಮಸ್ಸು ಮಾಡಿ ತುಂಬುವುದು. ಮಲಪ್ರಭಾ ಕಾಲುವೆಯ ಸಂದರ್ಭದಲ್ಲಿ ಮುಂಬಯಿಯ ಐಐಟಿಯ ಪ್ರೊ. ಆರ್. ಕೆ. ಕಟ್ಟಿಯವರು ರೂಪಿಸಿದ, ಉಬ್ಬದ ಅಂಟುಮಣ್ಣಿನ ದಪ್ಪ ಪದರದಿಂದ ಎರೆಮಣ್ಣನ್ನು ಹತೋಟಿಯಲ್ಲಿಡುವ ವಿಧಾನಕ್ಕೂ ಇದಕ್ಕೂ ನಂಟಿದೆ. ಯಾವ ದಾರಿ ಹಿಡಿಯುವುದೆಂದು ತೀರ್ಮಾನಿಸುವ ಮೊದಲು ಹಿತ್ತಲಲ್ಲಿ ಒಂದು ಗುಂಡಿ ತೋಡಿ, ಎರೆ ಎಷ್ಟು ಆಳಕ್ಕಿದೆ, ಮುರುಮು ಅಥವಾ ಪರಸಿಕಲ್ಲು ಎಲ್ಲಿ ಸಿಗುತ್ತದೆ ಎಂದು ನೋಡಲೇಬೇಕು. ಒಂದೇ ಊರಿನ ಎರಡು ಓಣಿಗಳಲ್ಲಿ ಈ ಆಳ ಬೇರೆಬೇರೆ ಇರಬಹುದು.

ಆ ತೋಡುವಿಕೆಯಲ್ಲಿ ಹಗೇವು ಸಿಗುವುದೂ ಉಂಟು. ಹಗೇವೆಂದರೆ ಜೋಳ ಕಾಪಿಡಲು ನೆಲದಡಿ ತೋಡಿದ, ಬಾಯಿ ಕಿರಿದಾಗಿ ಒಡಲು ಅಗಲವಾದ ಕಣಜ. ಬಳಕೆ ತಪ್ಪಿ ಬಾಯಿಗೆ ಕಲ್ಲು ಮುಚ್ಚಿದ ಹಗೇವಿನ ನೆನಪು ಮನೆಯ ಹಿರಿಯರಿಗೆ ಮಾತ್ರ ಇರುತ್ತದೆ. ಗೌಂಡಿಯನ್ನು ಕರೆಸುವ ಮೊದಲು ಅಜ್ಜಿಯನ್ನೋ ದೊಡ್ಡಪ್ಪನನ್ನೋ ಅಂಗಳಕ್ಕೆ ಕರೆತಂದು, ಹಗೇವು ಎಲ್ಲಿತ್ತು, ಹಳೆಯ ಬಚ್ಚಲ ಗುಂಡಿ ಎಲ್ಲಿತ್ತು ಎಂದು ಕೇಳಿ ಗೂಟ ನೆಡಿಸುವುದು ಯಾವ ಮಣ್ಣುಪರೀಕ್ಷೆಗೂ ಕಡಿಮೆಯಲ್ಲದ ಕೆಲಸ.

ಹೊಸ ಪಾಯವನ್ನು ಹಳೆಯ ಗೋಡೆಗೆ ತಾಗಿಸಿ ಅದಕ್ಕಿಂತ ಆಳಕ್ಕೆ ತೋಡಿದರೆ ಹಳೆಯ ಪಾಯದ ಕೆಳಗಿನ ಮಣ್ಣು ಜಾರುತ್ತದೆ. ಹೊಸ ಕೋಣೆಯ ಕಂಬಗಳನ್ನು ಮೂರು ನಾಲ್ಕು ಅಡಿ ದೂರದಲ್ಲಿ ನಿಲ್ಲಿಸಿ, ಬೀಮನ್ನು ಹಳೆಯ ಗೋಡೆಯ ಕಡೆಗೆ ಚಾಚುವುದು ಸುರಕ್ಷಿತ. ಹೊಸ ಗೋಡೆಗೂ ಹಳೆಯ ಗೋಡೆಗೂ ನಡುವೆ ಒಂದೆರಡು ಇಂಚಿನ ಸಂದು ಬಿಟ್ಟು, ಅದರೊಳಗೆ ಥರ್ಮೋಕೋಲ್ ಹಾಳೆ ಇಟ್ಟು, ಮೇಲೆ ತಗಡಿನ ಪಟ್ಟಿ ಮುಚ್ಚಬೇಕು. ಆ ಪಟ್ಟಿಗೆ ಒಂದೇ ಬದಿಯಲ್ಲಿ ಮೊಳೆ ಹೊಡೆದರೆ ಎರಡೂ ಕಟ್ಟಡಗಳು ತಮ್ಮ ಪಾಡಿಗೆ ಅಲುಗಲು ಸಾಧ್ಯ. ಒಳಗಿನಿಂದ ಹೋಗಿಬರುವ ಬಾಗಿಲಿಗೆ ಹಳೆಯ ಗೋಡೆಯನ್ನು ಹೊಸದಾಗಿ ಒಡೆಯುವ ಬದಲು, ಇದ್ದ ಕಿಟಕಿಯ ಕೆಳಭಾಗವನ್ನಷ್ಟೇ ಬಿಡಿಸಿದರೆ ಮೇಲಿನ ಅಡ್ಡಪಟ್ಟಿ ಮೊದಲಿನಂತೆಯೇ ಭಾರ ಹೊರುತ್ತದೆ.

ನೀರಿನ ವಿಚಾರದಲ್ಲಿ ಎಷ್ಟು ಎಚ್ಚರವಿದ್ದರೂ ಸಾಲದು. ಈಚಿನ ವರ್ಷಗಳಲ್ಲಿ ಹಳೆಯ ಮನೆಗೆ ಹೆಚ್ಚಾಗಿ ಸೇರುತ್ತಿರುವುದು ಬಚ್ಚಲು ಮತ್ತು ಶೌಚಾಲಯ. ಅವುಗಳ ಗುಂಡಿ ಗೋಡೆಯ ಬುಡದಲ್ಲೇ ಬಂದರೆ, ವರ್ಷವಿಡೀ ಒಂದು ಬದಿಯ ಮಣ್ಣು ಮಾತ್ರ ಉಬ್ಬಿಕೊಂಡಿದ್ದು ಮನೆ ಆ ಮೂಲೆಯಿಂದ ಸೀಳತೊಡಗುತ್ತದೆ. ಹೊಸ ಸ್ಲ್ಯಾಬಿನ ನೀರು ಹಳೆಯ ಮಾಳಿಗೆಯ ಮೇಲೆ ಬೀಳುವಂತೆ ಇಳಿಜಾರು ಕೊಡುವುದಂತೂ ಎಂದಿಗೂ ಸಲ್ಲದು. 2020ರ ಅಕ್ಟೋಬರಿನಲ್ಲಿ ಭಾರೀ ಮಳೆ ಸುರಿದು ಭೀಮೆ ಉಕ್ಕಿ ಅಫಜಲಪುರ, ಜೇವರ್ಗಿ ತಾಲೂಕುಗಳ ಹಳ್ಳಿಗಳಿಗೆ ನುಗ್ಗಿದಾಗ, ಮಣ್ಣಿನ ಗೋಡೆಗೆ ಬುಡದ ತೇವ ಏನು ಮಾಡುತ್ತದೆಂಬುದು ಎಲ್ಲರಿಗೂ ಕಂಡಿತು. ಮನೆಯ ಸುತ್ತ ಐದಾರು ಅಡಿ ಅಗಲಕ್ಕೆ ಮುರುಮು ಹಾಸಿ, ಮೇಲೆ ಶಹಾಬಾದ್ ಪರಸಿಯನ್ನು ಹೊರಗಡೆಗೆ ಇಳಿಜಾರಾಗಿ ಕೂರಿಸಿ ಸಂದುಗಳನ್ನು ಮುಚ್ಚಿದರೆ, ಗೋಡೆಯ ಬುಡದ ಮಣ್ಣಿನ ತೇವ ಬಹುಮಟ್ಟಿಗೆ ಒಂದೇ ಸಮನಿರುತ್ತದೆ. ಈ ಪರಸಿ ನೆರೆಯ ಶಹಾಬಾದ್, ಚಿತ್ತಾಪುರ, ಸೇಡಂ ಭಾಗದ ಸುಣ್ಣಕಲ್ಲಿನ ಪದರಗಳಿಂದಲೇ ಬರುವಂಥದ್ದು, ಹೀಗಾಗಿ ದುಬಾರಿಯೂ ಅಲ್ಲ.

ಹೊಸ ಕೋಣೆಗೆ ಹೊಂದಲೆಂದು ಹಳೆಯ ಮಣ್ಣುಗೋಡೆಗೂ ಸಿಮೆಂಟ್ ಗಿಲಾವು ಮಾಡಿಸುವುದು ಒಳ್ಳೆಯದಲ್ಲ. ನೆಲದಿಂದ ಏರುವ ತೇವ ಹೊರಹೋಗಲಾರದೆ ಗೋಡೆಯೊಳಗೇ ನಿಂತು ಮಣ್ಣನ್ನು ಮೆತ್ತಗಾಗಿಸುತ್ತದೆ. ಸುಣ್ಣದ ಗಾರೆಯಾದರೆ ತೇವವನ್ನು ಹೊರಬಿಡುತ್ತದೆ. ಹಾಗೆಯೇ ನಡುವಿನ ಅಂಗಳವನ್ನು ಮುಚ್ಚಿ ಕೋಣೆ ಮಾಡಿದ ಮನೆಗಳಲ್ಲಿ ಬೆಳಕೂ ಗಾಳಿಯೂ ಹೋಗಿ, ಬಿಸಿಲು 42 ಡಿಗ್ರಿ ದಾಟುವ ಮೇ ತಿಂಗಳಲ್ಲಿ ಇಡೀ ಮನೆ ಕುದಿಯುತ್ತದೆ. ಸ್ಲ್ಯಾಬಿನ ಹೊಸ ಕೋಣೆ ಕಟ್ಟಿಸಿದವರೂ ಮಧ್ಯಾಹ್ನದ ಹೊತ್ತು ಮಾಳಿಗೆಯ ಪಡಸಾಲೆಯಲ್ಲೇ ಮಲಗುವುದನ್ನು ನೋಡಿದರೆ ಹಳೆಯ ಮನೆಯನ್ನು ಯಾಕೆ ಉಳಿಸಿಕೊಳ್ಳಬೇಕೆಂಬುದು ತಿಳಿಯುತ್ತದೆ.

ಕಾಗದಪತ್ರದ ಮಾತೂ ಪಾಯದಷ್ಟೇ ಮುಖ್ಯ. ಗ್ರಾಮ ಪಂಚಾಯಿತಿಯ ಪರವಾನಗಿ ಪಡೆಯುವುದರ ಜೊತೆಗೆ, ಇ-ಸ್ವತ್ತಿನ ದಾಖಲೆ ಅಜ್ಜನ ಹೆಸರಿನಲ್ಲೇ ಉಳಿದಿದೆಯೇ ಎಂದು ನೋಡಬೇಕು. ಪಾಲಾಗದ ಪಿತ್ರಾರ್ಜಿತ ಮನೆಯ ಜಾಗದಲ್ಲಿ ಒಬ್ಬ ಅಣ್ಣ ತನ್ನ ದುಡಿಮೆಯಿಂದ ಕಟ್ಟಿಸಿದ ಕೋಣೆಯ ಕೆಳಗಿನ ನೆಲ ಎಲ್ಲರದೂ ಆಗಿರುತ್ತದೆ. ಕರ್ನಾಟಕದಲ್ಲಿ 1994ರ ತಿದ್ದುಪಡಿಯಿಂದಲೂ, ದೇಶದಾದ್ಯಂತ 2005ರ ಹಿಂದೂ ಉತ್ತರಾಧಿಕಾರ ತಿದ್ದುಪಡಿಯಿಂದಲೂ ಹೆಣ್ಣುಮಕ್ಕಳು ಅದರಲ್ಲಿ ಹಕ್ಕುದಾರರು. ಆದ್ದರಿಂದ ಅಕ್ಕತಂಗಿಯರನ್ನೂ ಕೂಡಿಸಿಕೊಂಡು ಪಾಲುಪಟ್ಟಿ ಬರೆಸಿ ನೋಂದಾಯಿಸುವಾಗ, ಹಳೆಯ ಮನೆಯಲ್ಲಿ ಉಳಿಯುವವರು ಯಾರು, ಹೊಸ ಕೋಣೆ ಯಾರದು ಎಂಬುದರೊಂದಿಗೆ, ಎರಡರ ನಡುವಿನ ಬಾಗಿಲನ್ನು ಮುಚ್ಚುವ ಅಧಿಕಾರ ಯಾರಿಗಿದೆ, ಮಾಳಿಗೆಯ ನೀರು ಯಾವ ಕಡೆ ಹರಿಯಬೇಕು, ಸಂದಿನ ಮೇಲಿನ ತಗಡನ್ನು ಮಳೆಗಾಲದ ಮುಂಚೆ ಯಾರ ಖರ್ಚಿನಲ್ಲಿ ಸರಿಪಡಿಸಬೇಕು ಎಂಬುದನ್ನೂ ಆ ಕಾಗದದಲ್ಲೇ ಬರೆಸಬೇಕು.