ಇಬ್ಬರಿಗೂ ಒಂದೊಂದು ಕ್ಯಾಮೆರಾ

ನಿವೃತ್ತಿಯ ಹಣದಲ್ಲಿ ದುಬಾರಿ ಕ್ಯಾಮೆರಾ ಒಂದನ್ನೇ ಕೊಂಡು ಇಬ್ಬರೂ ಹಂಚಿಕೊಳ್ಳುವ ಯೋಚನೆ ಬಿಡಿ ಸರ್. ಒಂದೇ ಇದ್ದರೆ ಅದು ನಿಮ್ಮ ಕೈಯಲ್ಲೇ ಉಳಿಯುತ್ತದೆ, ನಿಮ್ಮ ಮನೆಯವರು ಚೀಲ ಹಿಡಿದು ನಿಲ್ಲಬೇಕಾಗುತ್ತದೆ. ಮೊದಲು ಕೆಲವು ತಿಂಗಳು ಇಬ್ಬರೂ ನಿಮ್ಮ ನಿಮ್ಮ ಮೊಬೈಲಿನಲ್ಲೇ ಹಕ್ಕಿಗಳ ಚಿತ್ರ ತೆಗೆಯಿರಿ. ಆಮೇಲೂ ಹಕ್ಕಿಗಳ ಮೇಲೆಯೇ ಮನಸ್ಸಿದ್ದರೆ, ಲೆನ್ಸ್ ಬದಲಿಸಬೇಕಿಲ್ಲದ ಹಗುರವಾದ ಬ್ರಿಡ್ಜ್ ಕ್ಯಾಮೆರಾ ಒಂದೊಂದು ಸಾಕು. ಮಂಡಿನೋವಿರುವ ನಿಮಗೆ ಭಾರ ಹೊರುವುದು ಬೇಡ. ಮೈಸೂರಿನಲ್ಲೇ ಇದ್ದೀರಿ, ಕುಕ್ಕರಹಳ್ಳಿ ಕೆರೆಗಿಂತ ಒಳ್ಳೆಯ ಪಾಠಶಾಲೆ ಯಾವುದಿದೆ? ಬೆಳಗಿನ ಓರೆಬಿಸಿಲಿನಲ್ಲಿ ಹೆಜ್ಜಾರ್ಲೆಗಳನ್ನು ಹಿಡಿಯಿರಿ. ಅವು ಹಾರುವಾಗ ಶಟರ್ ವೇಗ ಸೆಕೆಂಡಿನ 1/1000 ಭಾಗದಷ್ಟಿರಲಿ. ಗೂಡುಗಳ ಹತ್ತಿರ ಮಾತ್ರ ಹೋಗಬೇಡಿ. ಇನ್ನೊಂದು ಮಾತು: ನಿಮ್ಮ ಮನೆಯವರು ತಾವಾಗಿ ಕೇಳುವವರೆಗೆ ಅವರ ಚಿತ್ರದಲ್ಲಿ ತಪ್ಪು ಹುಡುಕಬೇಡಿ. ಈ ಭಾನುವಾರವೇ ಹೊರಡಿ.