ಎರಡು ಮುಳ್ಳೂ ಕೂಡಿ ನಡೆಯಲಿ

ಮಕ್ಕಳು ಕಾರ್ಡು ಮತ್ತು ಸಾಮಗ್ರಿಗಳನ್ನು ಕೈಯಾರೆ ಬಳಸಿ ಕಲಿಯುವ ನಲಿಕಲಿ ಪದ್ಧತಿಯು 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಆರಂಭಗೊಂಡು ಕರ್ನಾಟಕದ ಸರಕಾರಿ ಶಾಲೆಗಳಿಗೆ ಹಬ್ಬಿದ ಮೇಲೆ, ರಟ್ಟಿನ ಗಡಿಯಾರದಂಥ ಉಪಕರಣಗಳಿಗೆ ಬೆಲೆ ಬಂದಿರುವುದು ಸಂತೋಷದ ಸಂಗತಿಯೇ. ಆದರೆ ಪಾಲಕರೂ ಶಿಕ್ಷಕರೂ ಆ ಗಡಿಯಾರದಲ್ಲೊಂದು ತೊಡಕನ್ನು ಗಮನಿಸಬೇಕು. ಗುಂಡುಸೂಜಿ ಚುಚ್ಚಿ ಕೂರಿಸಿದ ಎರಡು ಮುಳ್ಳುಗಳು ಒಂದಕ್ಕೊಂದು ಸಂಬಂಧವಿಲ್ಲದೆ ತಿರುಗುವುದರಿಂದ, ಮೂರೂವರೆ ತೋರಿಸೆಂದರೆ ಮಗು ಗಂಟೆಯ ಮುಳ್ಳನ್ನು ನೆಟ್ಟಗೆ 3ರ ಮೇಲೆಯೇ ಇಡುತ್ತದೆ. ನಿಜವಾದ ಗಡಿಯಾರದಲ್ಲಿ ಅದು ನಿಮಿಷಕ್ಕೆ ಅರ್ಧ ಡಿಗ್ರಿಯಂತೆ ಸರಿದು ಅಷ್ಟು ಹೊತ್ತಿಗೆ 3 ಮತ್ತು 4ರ ನಡುವೆ ನಿಂತಿರುತ್ತದೆ. ಮೂರೂಮುಕ್ಕಾಲನ್ನು ಮಕ್ಕಳು ನಾಲ್ಕೂಮುಕ್ಕಾಲೆಂದು ಓದುವುದಕ್ಕೂ ಬಹುಮಟ್ಟಿಗೆ ಇದೇ ಕಾರಣ.

ಆದ್ದರಿಂದ ಮೊದಲಿಗೆ ಗಂಟೆಯ ಮುಳ್ಳೊಂದನ್ನೇ ಇಟ್ಟು, ಅದು ಯಾವ ಅಂಕಿಯನ್ನು ದಾಟಿದೆ, ಯಾವುದನ್ನು ಇನ್ನೂ ಮುಟ್ಟಿಲ್ಲ ಎಂದು ಕೇಳುವುದು ಒಳ್ಳೆಯದು. ಬಳಿಕ ಹಳೆಯ ಗೋಡೆ ಗಡಿಯಾರವೊಂದರ ಸೆಲ್ ತೆಗೆದು, ಹಿಂಬದಿಯ ಗುಂಡಿಯನ್ನು ಮಗುವೇ ತಿರುಗಿಸುವಂತಾದರೆ, ಒಳಗಿನ ಹಲ್ಲುಚಕ್ರಗಳು ಎರಡೂ ಮುಳ್ಳುಗಳನ್ನು ಜೋಡಿಸಿರುವುದರಿಂದ ದೊಡ್ಡ ಮುಳ್ಳಿನ ಒಂದು ಸುತ್ತಿಗೆ ಚಿಕ್ಕದು ಒಂದೇ ಮನೆ ಸರಿಯುವುದು ಕಣ್ಣಿಗೇ ಕಾಣುತ್ತದೆ. ಅಂಗಡಿಯ ಬಣ್ಣದ ಆಟಿಕೆಗಿಂತ ಇದೇ ಮೇಲು. ನಿಮಿಷಗಳ ಎಣಿಕೆಗೆ, ಗೋವಿನಜೋಳದ 60 ಕಾಳುಗಳನ್ನು ಐದೈದರಂತೆ 12 ಅಂಕಿಗಳ ಸುತ್ತ ಜೋಡಿಸಿದರೆ ಸಾಕು. ಐದರ ಮಗ್ಗಿ ಬಾರದ ಮಗುವಿಗೆ ಮಾತ್ರ ನಿಮಿಷದ ಅವಸರ ಬೇಡ. ಅರ್ಧ, ಕಾಲು, ಮುಕ್ಕಾಲುಗಳೇ ಕೆಲಕಾಲ ನಡೆಯಲಿ.