ಗುಂಪಿಗೆ ಹಾಕುವ ಮೊದಲು

1979ರಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿದ ನಮ್ಮ ಬ್ಯಾಚಿಗೆ ಒಂದು ವಾಟ್ಸ್‌ಆ್ಯಪ್ ಗುಂಪಿದೆ. ತೀರ್ಥಹಳ್ಳಿ, ಸಾಗರದ ತೋಟದ ಮನೆಗಳಲ್ಲಿ ಉಳಿದವರು, ಬೆಂಗಳೂರು, ಪುಣೆ ಸೇರಿದವರು, ನ್ಯೂಜೆರ್ಸಿಯಲ್ಲಿ ಮಗಳ ಮನೆಯಲ್ಲಿರುವವರು ಎಲ್ಲರೂ ಅದರಲ್ಲಿದ್ದಾರೆ. ಸರ್ಕಾರಿ ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್ ಆಗಿದ್ದವಳು ಎಂದು ಅಡ್ಮಿನ್ ಕೆಲಸ ನನ್ನ ಪಾಲಿಗೆ ಬಂತು. ನಮ್ಮ ವಯಸ್ಸಿನವರ ಮನೆಸುದ್ದಿಯಲ್ಲಿ ಅರ್ಧ ಮೊಮ್ಮಕ್ಕಳದು, ಇನ್ನರ್ಧ ಬಿಪಿ, ಶುಗರ್, ಮಂಡಿ ಆಪರೇಷನ್ನಿನದು. ವಾರ್ಡಿನಲ್ಲಿ ಕಲಿತದ್ದರ ಜೊತೆಗೆ ಈ ಗುಂಪೇ ಕಲಿಸಿದ ಕೆಲವು ಪಾಠಗಳನ್ನು ಇಲ್ಲಿ ಬರೆಯುತ್ತಿದ್ದೇನೆ.

1. ಸಣ್ಣ ಮಾತಿಗೆ ಜಾಗ ಇರಲಿ

ಹಲಸಿನ ಹಪ್ಪಳ ಒಣಗಿಸಿದ ಫೋಟೊ, ಮೊಮ್ಮಗಳ ಮೊದಲ ಹೆಜ್ಜೆ, ಅಡಿಕೆಗೆ ಬಿದ್ದ ಕೊಳೆರೋಗ. ಇವೆಲ್ಲ ಯಾಕೆ ಎಂದು ಕೇಳುವವರು ನಮ್ಮಲ್ಲೂ ಇದ್ದರು. ಗುಂಪು ಉಪಯುಕ್ತ ಮಾಹಿತಿಗೆ ಮಾತ್ರ ಇರಲಿ ಎಂಬುದು ಅವರ ವಾದ. ನಾನು ಒಪ್ಪಲಿಲ್ಲ. ದಿನಾ ಮಾತಾಡುವವರು ಸುಮ್ಮನಾದರೆ ಮಾತ್ರ ಆ ಮೌನ ನಮಗೆ ಗೊತ್ತಾಗುತ್ತದೆ.

ತೀರ್ಥಹಳ್ಳಿ ಕಡೆಯ ಗೆಳತಿಯೊಬ್ಬಳು ಮಳೆಗಾಲ ಪೂರ್ತಿ ತನ್ನ ತೋಟದ ಮಳೆ ಲೆಕ್ಕವನ್ನು ಬೆಳಿಗ್ಗೆ ಗುಂಪಿಗೆ ಹಾಕುತ್ತಾಳೆ, ಇಷ್ಟು ಮಿಲಿಮೀಟರ್ ಎಂದು. ಒಂದು ಆಷಾಢದಲ್ಲಿ ಲೆಕ್ಕ ಬರುವುದು ನಿಂತಿತು. ಕರೆಂಟಿಲ್ಲ, ನೆಟ್‌ವರ್ಕ್ ಇಲ್ಲ ಎಂದು ಎಲ್ಲರೂ ಅಂದುಕೊಂಡರು. ಮಲೆನಾಡಿನಲ್ಲಿ ಅದು ಸಹಜವೇ. ಆದರೂ ಸಾಗರದ ಇನ್ನೊಬ್ಬಳು ಸುಮ್ಮನಿರದೆ ಅವಳ ಮನೆಯ ಲ್ಯಾಂಡ್‌ಲೈನಿಗೆ ಫೋನ್ ಮಾಡಿದಳು. "ಎಂಥ ಮಾರಾಯ್ತಿ, ಮಳೆ ಲೆಕ್ಕ ಎಲ್ಲಿ?" ಎಂದು ಕೇಳಿದ್ದಕ್ಕೆ ಆ ಕಡೆಯಿಂದ ಅಳು ಬಂತು. ಎದೆಯಲ್ಲಿ ಗಂಟು ಸಿಕ್ಕಿತ್ತು. ಗಂಡನಿಗೂ ಹೇಳಿರಲಿಲ್ಲ. ಮರುವಾರ ಗೆಳತಿಯರಿಬ್ಬರೂ ಒಟ್ಟಿಗೆ ಮಣಿಪಾಲಕ್ಕೆ ಹೋಗಿ ತೋರಿಸಿಕೊಂಡು ಬಂದರು.

2. ಕಾಯಿಲೆ ಯಾರದೋ ಸುದ್ದಿಯೂ ಅವರದೇ

ಆಪರೇಷನ್ ಆಗಿ ಎಚ್ಚರವಾಗುವ ಮೊದಲೇ ಗುಂಪಿನಲ್ಲಿ ಸುದ್ದಿ ಹರಡಿದರೆ, ಆ ಮನುಷ್ಯ ಕಣ್ಣು ಬಿಡುವ ಹೊತ್ತಿಗೆ ಮೊಬೈಲಿನಲ್ಲಿ ನೂರು ಪ್ರಶ್ನೆಗಳು ಕಾಯುತ್ತಿರುತ್ತವೆ. ಪ್ರೀತಿಯಿಂದಲೇ ಕೇಳುತ್ತಾರೆ, ನಿಜ. ಆದರೆ ಉತ್ತರಿಸಬೇಕಾದವರಿಗೆ ಡ್ರಿಪ್ ಹಾಕಿರುತ್ತಾರೆ. "ಗುಂಪಿಗೆ ಹೇಳಲಾ? ಎಷ್ಟು ಹೇಳಲಿ?" ಈ ಎರಡನ್ನೂ ಮೊದಲು ಕೇಳಿಕೊಳ್ಳಬೇಕು.

ಎದೆಯ ಗಂಟಿನ ಗೆಳತಿಗೆ ಕೀಮೊ ಶುರುವಾದಾಗ, ಸಾಗರದವಳೊಬ್ಬಳೇ ಸುದ್ದಿ ತಿಳಿಸಬೇಕು ಎಂದು ಅವಳೇ ಗೊತ್ತು ಮಾಡಿದಳು. ಪ್ರತಿ ಸಲ ಆಸ್ಪತ್ರೆಗೆ ಹೋಗಿ ಬಂದ ಮೇಲೆ ಒಂದೇ ಸಂದೇಶ, ಅದೂ ಅವಳಿಗೆ ಓದಿ ಹೇಳಿ ಒಪ್ಪಿಗೆ ಪಡೆದದ್ದು. ಕೂದಲು ಉದುರಿದ ವಿಷಯ ಹಾಕಬೇಡ ಅಂದಳು, ಹಾಕಲಿಲ್ಲ. ಬಾಯಿರುಚಿ ಹೋಗಿದೆ, ಯಾರಾದರೂ ಮಿಡಿ ಉಪ್ಪಿನಕಾಯಿ ಕಳಿಸಿ ಎಂದು ಹಾಕಿಸಿದಳು. ಕೀಮೊ ಸಮಯದಲ್ಲಿ ಬಾಯಿಹುಣ್ಣು ಇದ್ದರೆ ಖಾರ, ಹುಳಿ ಕೂಡದು. ಅದನ್ನು ಅವಳ ಡಾಕ್ಟರಿಗೆ ಕೇಳು ಎಂದೆ. ಕೇಳಿದ್ದಕ್ಕೆ, ಸ್ವಲ್ಪ ತಿನ್ನಬಹುದು ಅಂದರಂತೆ. ಭರಣಿ ತುಂಬಾ ಬಂತು.

ಮಗಳೋ ಸೊಸೆಯೋ ಬಸುರಿಯಾದ ಸುದ್ದಿಗೂ ಇದೇ ಮಾತು. ಹೇಳುವುದೋ ಬಿಡುವುದೋ ಆ ಹುಡುಗಿಗೆ ಬಿಟ್ಟಿದ್ದು. ಅಜ್ಜಿಯಾಗುವವಳ ಸಂಭ್ರಮ ಎರಡು ತಿಂಗಳು ಕಾಯಬಹುದು.

3. ಸಾವಿನ ಸುದ್ದಿ ಮೊದಲು ಮನೆಯವರಿಂದ ಬರಲಿ

ನಮ್ಮ ಕಡೆ ದೂರದಲ್ಲಿರುವ ಮಗನಿಗೆ "ಸೀರಿಯಸ್ ಇದ್ದಾರೆ, ಹೊರಟು ಬಾ" ಎಂದಷ್ಟೇ ಹೇಳುವ ರೂಢಿ ಇದೆ. ದಾರಿಯಲ್ಲಿ ಒಬ್ಬನೇ ಕುಸಿಯದಿರಲಿ ಎಂಬ ಕಾಳಜಿಯಿಂದ. ಪುಣೆಯ ನಮ್ಮ ಸಹಪಾಠಿ ಹಾಗೆ ಹೊರಟ ರಾತ್ರಿ, ಊರಿನಲ್ಲಿದ್ದವರೊಬ್ಬರು ಅವನ ತಂದೆಯ ಫೋಟೊ ಹಾಕಿ ಶ್ರದ್ಧಾಂಜಲಿ ಬರೆದರು. ಹಿಂದೆಯೇ ಕೈಮುಗಿದ ಚಿತ್ರಗಳ ಸಾಲು. ಬಸ್ಸಿನ ಕತ್ತಲಲ್ಲಿ ಅವನಿಗೆ ಅಪ್ಪನ ಸಾವು ಗೊತ್ತಾದದ್ದು ಹಾಗೆ. ಆ ಸಿಟ್ಟು ನನ್ನಲ್ಲಿ ಇನ್ನೂ ಆರಿಲ್ಲ. ಈಗ ಮನೆಯವರೊಬ್ಬರು ಹೂಂ ಎನ್ನುವವರೆಗೆ ಯಾರೂ ಹಾಕುವಂತಿಲ್ಲ. ಹಾಕಿದರೆ ಅಡ್ಮಿನ್ ಆಗಿ ಅಳಿಸುತ್ತೇನೆ.

4. "ಜ್ವರ ಬಿಟ್ಟಿತು" ಅಂದಾಗ ಇನ್ನೂ ಕೆಲವು ಪ್ರಶ್ನೆ ಕೇಳಿ

ಮಳೆ ಶುರುವಾದರೆ ಡೆಂಗಿ ಸುದ್ದಿಯೂ ಶುರು. ಮೂರು ನಾಲ್ಕು ದಿನ ಸುಟ್ಟ ಜ್ವರ ಇಳಿಯಿತು ಎಂದು ಯಾರಾದರೂ ಬರೆದ ಕೂಡಲೇ ದೇವರು ದೊಡ್ಡವನು ಎಂಬ ಉತ್ತರಗಳು ಬರುತ್ತವೆ. ಡೆಂಗಿಯಲ್ಲಿ ಅಪಾಯ ಹೆಚ್ಚುವುದು ಆಗಲೇ. ಜ್ವರ ಇಳಿದ ಮುಂದಿನ ಒಂದೆರಡು ದಿನ ರಕ್ತನಾಳದಿಂದ ನೀರಿನಂಶ ಹೊರಗೆ ಸೋರಿ ಬಿಪಿ ಕುಸಿಯಬಹುದು. ಹಾಗಾಗಿ ನಾನು ಕೇಳುವುದು: ಹೊಟ್ಟೆನೋವು, ಬಿಡದ ವಾಂತಿ ಇದೆಯಾ? ವಸಡಿನಲ್ಲಿ, ಮೂಗಿನಲ್ಲಿ ರಕ್ತ ಕಂಡಿತಾ? ಮೂತ್ರ ಕಡಿಮೆಯಾಗಿದೆಯಾ, ತೀರಾ ಮಂಕಾಗಿದ್ದಾರಾ? ಒಂದಕ್ಕೆ ಹೌದೆಂದರೂ ತಡಮಾಡದೆ ಆಸ್ಪತ್ರೆಗೆ. ಮೈಕೈ ನೋವಿಗೆಂದು ಐಬುಪ್ರೊಫೆನ್, ಆಸ್ಪಿರಿನ್, ಡೈಕ್ಲೊಫೆನಾಕ್ ನುಂಗಬಾರದು. ಇವು ರಕ್ತಸ್ರಾವದ ಭಯ ಹೆಚ್ಚಿಸುತ್ತವೆ. ಜ್ವರಕ್ಕೆ ಪ್ಯಾರಾಸಿಟಮಾಲ್, ಅದೂ ಡಾಕ್ಟರು ಹೇಳಿದ ಅಳತೆಯಲ್ಲಿ.

ಪ್ಲೇಟ್‌ಲೆಟ್ ಎಣಿಕೆಯನ್ನು ಕ್ರಿಕೆಟ್ ಸ್ಕೋರಿನಂತೆ ಗಂಟೆಗಂಟೆಗೂ ಹಾಕುವುದನ್ನು ನಿಲ್ಲಿಸಿದ್ದೇನೆ. ರಕ್ತಸ್ರಾವ ಇಲ್ಲದವರಿಗೆ ಪ್ಲೇಟ್‌ಲೆಟ್ ಕೊಡುವ ಯೋಚನೆ ಸಾಮಾನ್ಯವಾಗಿ ಬರುವುದು ಎಣಿಕೆ 10,000ಕ್ಕಿಂತ ಕೆಳಗಿಳಿದಾಗ. ನಲವತ್ತು ಸಾವಿರ ಕಂಡು ಗುಂಪು ಹೆದರಿದರೆ ಮನೆಯವರೂ ಹೆದರಿ ಡಾಕ್ಟರ ಮೇಲೆ ಒತ್ತಡ ಹಾಕುತ್ತಾರೆ.

5. ರಕ್ತ ಬೇಕೆಂದು ಬರೆಯುವ ಕ್ರಮ

"ಅರ್ಜೆಂಟ್ ಓ ನೆಗೆಟಿವ್ ಬೇಕು, ಶೇರ್ ಮಾಡಿ" ಎಂಬುದು ಯಾರಿಗೂ ಉಪಯೋಗಕ್ಕೆ ಬಾರದ ಸಂದೇಶ. ಊರು, ಆಸ್ಪತ್ರೆ, ರಕ್ತದ ಗುಂಪು, ಬೇಕಾದದ್ದು ಕೆಂಪುಕಣವೋ ಪ್ಲೇಟ್‌ಲೆಟ್ಟೋ, ಯಾವ ತಾರೀಖಿನ ಎಷ್ಟು ಗಂಟೆಯೊಳಗೆ, ಜೊತೆಗಿರುವವರ ನಂಬರ್ ಇಷ್ಟೂ ಬೇಕು. ಪ್ಲೇಟ್‌ಲೆಟ್ ಐದು ದಿನಕ್ಕಿಂತ ಉಳಿಯುವುದಿಲ್ಲ. ಹಾಗಾಗಿ ಮೊದಲೇ ಕೂಡಿಡುವುದಕ್ಕಿಂತ ಕರೆದಾಗ ಬರುವ ದಾನಿ ಮುಖ್ಯ. ರಕ್ತ ಸಿಕ್ಕ ಕೂಡಲೇ ಸಂದೇಶ ಅಳಿಸಿ. ಕಳಿಸಿದವರು "ಎಲ್ಲರಿಗೂ ಅಳಿಸು" ಒತ್ತಲು ಎರಡು ದಿನಕ್ಕಿಂತ ತುಸು ಹೆಚ್ಚು ಸಮಯವಿರುತ್ತದೆ, ಅಷ್ಟೇ. ಬಿಟ್ಟರೆ ಆ ಕೋರಿಕೆ ವರ್ಷಗಟ್ಟಲೆ ಸುತ್ತುತ್ತದೆ, ನಂಬರಿನವರಿಗೆ ಕರೆ ಬರುತ್ತಲೇ ಇರುತ್ತದೆ.

ನಮ್ಮ ದೇಶದಲ್ಲಿ ರಕ್ತ ಕೊಡಬಹುದಾದ ವಯಸ್ಸು 18ರಿಂದ 65, ತೂಕ 45 ಕಿಲೋಗೆ ಕಡಿಮೆ ಇರಬಾರದು. ಒಮ್ಮೆ ಕೊಟ್ಟ ಮೇಲೆ ಗಂಡಸರು 90 ದಿನ, ಹೆಂಗಸರು 120 ದಿನ ಬಿಡಬೇಕು. ನಮ್ಮ ಬ್ಯಾಚಿನವರು 65ರ ಹತ್ತಿರ ಬಂದಿದ್ದೇವೆ. ಆದ್ದರಿಂದ ಮಕ್ಕಳ ರಕ್ತದ ಗುಂಪಿನ ಪಟ್ಟಿ ಮಾಡಿಕೊಂಡಿದ್ದೇವೆ, ಅವರನ್ನು ಕೇಳಿಯೇ.

6. ಬಾಯಿ ಸೊಟ್ಟಗಾದರೆ ಟೈಪ್ ಮಾಡಬೇಡಿ

"ನಮ್ಮವರಿಗೆ ಬೆಳಿಗ್ಗೆಯಿಂದ ಮಾತು ತೊದಲುತ್ತಿದೆ, ಏನು ಮಾಡಲಿ?" ಎಂದು ಗುಂಪಿನಲ್ಲಿ ಬರೆದವರಿದ್ದಾರೆ. ಬಾಯಿ ಒಂದು ಕಡೆಗೆ ಎಳೆದುಕೊಂಡರೆ, ಒಂದು ಕೈ ಎತ್ತಲು ಆಗದಿದ್ದರೆ, ಮಾತು ತೊದಲಿದರೆ ಪಾರ್ಶ್ವವಾಯು ಎಂದೇ ಹೊರಡಬೇಕು. ಮಿದುಳಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದ್ದನ್ನು ಕರಗಿಸುವ ಇಂಜೆಕ್ಷನ್ ಕೊಡಲು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯ ಗಡುವು. ಆ ಲೆಕ್ಕ ರೋಗಿ ಕೊನೆಯ ಸಲ ಸರಿಯಾಗಿದ್ದುದನ್ನು ಕಂಡ ಹೊತ್ತಿನಿಂದ. 108ಕ್ಕೆ ಫೋನ್ ಮಾಡಿ, ಆ ಹೊತ್ತನ್ನು ಗುರುತಿಟ್ಟುಕೊಂಡು, ಸಿಟಿ ಸ್ಕ್ಯಾನ್ ಇರುವ ಆಸ್ಪತ್ರೆಗೆ ಹೋಗಿ. ನಮಗೆ ಆಮೇಲೆ ತಿಳಿಸಿದರೆ ಸಾಕು.

7. ಎರಡು ಬಾಣದ ಗುರುತಿರುವ ಔಷಧಿ ಬೇಡ

ಹಲವರ ಕೈದಾಟಿ ಬಂದ ಸಂದೇಶಕ್ಕೆ ವಾಟ್ಸ್‌ಆ್ಯಪ್ ಎರಡು ಬಾಣದ ಗುರುತು ಹಾಕುತ್ತದೆ. 2018ರಲ್ಲಿ ಭಾರತದಲ್ಲಿ ಒಮ್ಮೆಗೆ ಐದು ಕಡೆಗಷ್ಟೇ ಕಳಿಸಬಹುದು ಎಂಬ ಮಿತಿ ಬಂತು. 2020ರ ಏಪ್ರಿಲ್‌ನಲ್ಲಿ, ಕೋವಿಡ್ ನಡುವೆ, ಎರಡು ಬಾಣದವನ್ನು ಒಂದೇ ಕಡೆಗೆ ಎಂದು ಬಿಗಿ ಮಾಡಿದರು. ನಮ್ಮಲ್ಲಿ ಅಂಥ ಔಷಧೋಪದೇಶಕ್ಕೆ ಪ್ರವೇಶವಿಲ್ಲ. ಸ್ವಂತ ಅನುಭವ ಹೇಳಬಹುದು, ಮಾತ್ರೆಯ ಅಳತೆ ಹೇಳುವಂತಿಲ್ಲ. ಒಬ್ಬರಿಗೆ ಒಗ್ಗಿದ ಮೆಟ್‌ಫಾರ್ಮಿನ್ ಕಿಡ್ನಿ ಸೋತ ಇನ್ನೊಬ್ಬರಿಗೆ ಆಗುವುದಿಲ್ಲ.

8. ಫೈಲಿನ ಫೋಟೊ

ಡಿಸ್ಚಾರ್ಜ್ ಸಮ್ಮರಿಯಲ್ಲಿ ವಿಳಾಸ, ಫೋನ್ ನಂಬರು, ಕೆಲವೊಮ್ಮೆ ವಿಮೆಯ ನಂಬರೂ ಇರುತ್ತದೆ. ಗುಂಪಿಗೆ ಅದು ಬೇಡ. ನನಗೆ ತೋರಿಸಬೇಕಿದ್ದರೆ ನನಗೊಬ್ಬಳಿಗೆ ಕಳಿಸಿ. ಸ್ನೇಹಿತನ ಹೆಸರಿನಲ್ಲಿ "ಐಸಿಯುನಲ್ಲಿದ್ದೇನೆ, ಹಣ ಹಾಕು" ಎಂದು ಬಂದರೆ ಫೋನ್ ಮಾಡಿ ದನಿ ಕೇಳಿ, ಹಳೆಯ ಮೇಷ್ಟರ ಹೆಸರು ಕೇಳಿ. ಹಣ ಹೋಗಿಯೇಬಿಟ್ಟರೆ ತಕ್ಷಣ 1930.

9. ನೋಡಿಕೊಳ್ಳುವವರನ್ನೂ ಕೇಳಿ

ರೋಗಿ ಹೇಗಿದ್ದಾರೆ ಎಂದು ಎಲ್ಲರೂ ಕೇಳುತ್ತಾರೆ. ರಾತ್ರಿಯಿಡೀ ಸ್ಟೂಲಿನ ಮೇಲೆ ಕೂತವರಿಗೆ ಊಟವಾಯಿತೇ ಎಂದು ಕೇಳುವವರು ಕಡಿಮೆ. ಮರೆವಿನ ಕಾಯಿಲೆಯ ಅತ್ತೆಯನ್ನು ನೋಡಿಕೊಳ್ಳುತ್ತಿರುವ ನಮ್ಮ ಗೆಳತಿ ಒಂದು ದಿನ ನಸುಕಿನಲ್ಲಿ "ಸಾಕಾಗಿದೆ ಕಣ್ರೇ" ಎಂದಷ್ಟೇ ಬರೆದಳು. ಎದ್ದವರು ಯಾರೂ ಸಮಾಧಾನದ ಚಿತ್ರ ಕಳಿಸಲಿಲ್ಲ ಎಂಬುದು ನನಗೆ ಇವತ್ತಿಗೂ ಹೆಮ್ಮೆ. ಒಬ್ಬಳು ಫೋನ್ ಮಾಡಿದಳು. ಹತ್ತಿರದಲ್ಲಿರುವ ಇಬ್ಬರು ಭಾನುವಾರಗಳನ್ನು ಹಂಚಿಕೊಂಡರು, ಅವಳು ತಲೆಸ್ನಾನ ಮಾಡಿ ಎರಡು ಗಂಟೆ ನಿದ್ದೆ ಮಾಡಲಿ ಎಂದು. ಟೆಲಿ ಮಾನಸ್‌ನ 14416 ನಂಬರ್ ಕೊಟ್ಟೆ. ಅಲ್ಲಿ ಹಗಲು ರಾತ್ರಿ ಉಚಿತವಾಗಿ ಕನ್ನಡದಲ್ಲೇ ಮಾತಾಡಬಹುದು. ಮಾಡಿದಳಂತೆ. ಈ ಭಾನುವಾರ ಸಾಗರದವಳ ಸರದಿ, ಮುಂದಿನದು ನನ್ನದು.